ಬಾಗಿಲು ಒಂದೇ, ಎಂಟ್ರಿ ಎಷ್ಟು?

1/9 | ಒಂದು ಬಾಗಿಲಿನ ಲೆಕ್ಕ

ಇವತ್ತಿನ ಸರಣಿ ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಒಂದು ಆಸ್ಪತ್ರೆ ಕಟ್ಟಬೇಕು ಅಂದ್ಕೊಳ್ಳಿ. ವಾರ್ಡಿನ ಬಾಗಿಲು 90 ಸೆಂ.ಮೀ. ಅಗಲ ಅಂತ ನಕ್ಷೆ ಬರೆದು ಮುಗಿದಿದೆ. ಆಮೇಲೆ ಯಾರೋ ಬಂದು, "ಇದರಲ್ಲಿ ಮಂಚ ಹೋಗಲ್ಲ ರೀ, 120 ಮಾಡಿ" ಅಂತಾರೆ. ಈಗ ಎಷ್ಟು ಕಡೆ ತಿದ್ದಬೇಕು ಹೇಳಿ?

ಒಂದು ಕಡೆ ಅಂದ್ಕೊಂಡ್ರೆ ತಪ್ಪು. ಮೇಲಿಂದ ನೋಡಿದ ಪ್ಲಾನಲ್ಲಿ ಆ ಬಾಗಿಲಿದೆ. ಎದುರಿಂದ ನೋಡಿದ ಎಲಿವೇಶನ್ನಲ್ಲಿದೆ. ಕಟ್ಟಡವನ್ನ ಕುಯ್ದು ತೋರಿಸೋ ಸೆಕ್ಷನ್ನಲ್ಲಿದೆ. ಯಾವ ಬಾಗಿಲು ಎಷ್ಟು ಬೇಕು ಅನ್ನೋ ಪಟ್ಟಿಯಲ್ಲಿದೆ. ಮರ, ಹಿಂಜು, ಪೇಂಟಿನ ಎಸ್ಟಿಮೇಟಲ್ಲಿದೆ. ಬಾಗಿಲು ದೊಡ್ಡದಾದಷ್ಟು ಗೋಡೆ ಚಿಕ್ಕದಾಗುತ್ತಲ್ಲ, ಹಾಗಾಗಿ ಇಟ್ಟಿಗೆ ಲೆಕ್ಕದಲ್ಲೂ ಇದೆ. ಬಾಗಿಲು ಒಂದೇ, ಎಂಟ್ರಿ ಆರು!

ಕಾಗದದ ಕಾಲದಲ್ಲಿ ಡ್ರಾಫ್ಟ್ಸ್‌ಮನ್‌ಗಳು ಟ್ರೇಸಿಂಗ್ ಶೀಟ್ ಮೇಲಿನ ಇಂಕನ್ನ ಬ್ಲೇಡಲ್ಲಿ ಕೆರೆದು, ಅದೇ ಜಾಗದಲ್ಲಿ ಮತ್ತೆ ಗೆರೆ ಎಳೀತಿದ್ರು. ಐದು ಕಡೆ ತಿದ್ದಿ ಆರನೇದು ಮರೆತ್ರೆ ಅದು ಗೊತ್ತಾಗ್ತಿದ್ದದ್ದು ಸೈಟಲ್ಲಿ, ಗೋಡೆ ಎದ್ದ ಮೇಲೆ. ಆಗ ಗೋಡೆ ಒಡೀಬೇಕು. ದುಡ್ಡು ಯಾರು ಕೊಡ್ಬೇಕು ಅಂತ ಜಗಳ ಬೇರೆ.

ಈ ಆರು ಎಂಟ್ರಿಯನ್ನ ಒಂದು ಮಾಡೋಕೆ ಹೊರಟವರ ಕಥೆ ಇದು. ಅರವತ್ತು ವರ್ಷದ ಕಥೆ. ಬಿಕಾಂ ಹುಡುಗನಿಗೆ ಬಿಲ್ಡಿಂಗ್ ಸಾಫ್ಟ್‌ವೇರ್ ಯಾಕೆ ಅಂತ ನಗ್ಬೇಡಿ. ಇದು ಪಕ್ಕಾ ನಮ್ಮದೇ ಸಬ್ಜೆಕ್ಟು. ಕೊನೇ ಪೋಸ್ಟ್ ತನಕ ಬನ್ನಿ, ನೀವೇ ಒಪ್ಕೋತೀರ.

2/9 | 1963: ಮಾಸ್ಟರ್ ಹುಟ್ಟಿದ್ದು

ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಅನ್ನೋ ವಿದ್ಯಾರ್ಥಿ ತನ್ನ ಪಿಎಚ್‌ಡಿಗೋಸ್ಕರ ಒಂದು ಪ್ರೋಗ್ರಾಂ ಬರೆದ. ಹೆಸರು ಸ್ಕೆಚ್‌ಪ್ಯಾಡ್. ಅದು ಓಡ್ತಿದ್ದದ್ದು ಟಿಎಕ್ಸ್-2 ಅನ್ನೋ ಭಾರೀ ಕಂಪ್ಯೂಟರಲ್ಲಿ. ಮೌಸ್ ಇಲ್ಲ, ಟಚ್ ಇಲ್ಲ. ಕೈಯಲ್ಲಿ ಲೈಟ್ ಪೆನ್ ಹಿಡಿದು ಪರದೆ ಮೇಲೆ ನೇರವಾಗಿ ಗೆರೆ ಎಳೆಯೋದು. 1963ರಲ್ಲಿ!

ಆದ್ರೆ ಗೆರೆ ಎಳೆದದ್ದು ದೊಡ್ಡ ವಿಷಯ ಅಲ್ಲ. ಅವನು ಮಾಡಿದ ಎರಡು ಕೆಲಸ ನೋಡಿ.

ಮೊದಲನೇದು, ಗೆರೆಗೆ ನಿಯಮ ಹಾಕಿದ. "ಈ ಎರಡು ಗೆರೆ ಯಾವಾಗ್ಲೂ ಸಮಾನಾಂತರ ಇರ್ಬೇಕು", "ಇವೆರಡರ ಉದ್ದ ಒಂದೇ ಇರ್ಬೇಕು" ಅಂತ ಹೇಳಿದ್ರೆ ಸಾಕು, ಒಂದನ್ನ ಎಳೆದಾಗ ಇನ್ನೊಂದು ತಾನೇ ಸರಿ ಹೋಗ್ತಿತ್ತು. ಒಂದು ಸೇತುವೆಯ ಚಿತ್ರ ಬರೆದು, ಅದರ ಯಾವ ಭಾಗದ ಮೇಲೆ ಎಷ್ಟು ಭಾರ ಬೀಳುತ್ತೆ ಅನ್ನೋ ಅಂಕಿಯನ್ನೂ ಅದೇ ಪರದೆಯಲ್ಲಿ ತೋರಿಸಿದ.

ಎರಡನೇದು ನಮಗೆ ಬೇಕಾದ್ದು. ಒಂದು ಆಕಾರವನ್ನ ಒಂದೇ ಸಲ "ಮಾಸ್ಟರ್" ಆಗಿ ಬರೆಯೋದು, ಆಮೇಲೆ ಅದನ್ನೇ ಬೇಕಾದಷ್ಟು ಕಡೆ ಇಡೋದು. ಮಾಸ್ಟರ್ ತಿದ್ದಿದ್ರೆ ಇಟ್ಟ ಕಡೆಯೆಲ್ಲ ಬದಲಾಗುತ್ತೆ.

ಎಲ್ಲೋ ಕೇಳಿದ ಹಾಗಿದ್ಯಾ? ಹೌದು, ಟ್ಯಾಲಿ ಲ್ಯಾಬ್. ಲೆಡ್ಜರ್ ಒಂದು ಸಲ ಕ್ರಿಯೇಟ್ ಮಾಡ್ತೀವಿ, ನೂರು ವೋಚರಲ್ಲಿ ಅದನ್ನೇ ಕರೀತೀವಿ. ಲೆಡ್ಜರಿನ ಹೆಸರು ಆಲ್ಟರ್ ಮಾಡಿದ್ರೆ ಹಳೇ ವೋಚರಲ್ಲೂ ಹೊಸ ಹೆಸರೇ ಕಾಣುತ್ತೆ. ಅದೇ ಐಡಿಯಾ.

ಬರೀ ಚಿತ್ರಕ್ಕಾದ್ರೆ ಕಂಪ್ಯೂಟರಲ್ಲಿ ಬರೆಯೋದು ಗಿಟ್ಟಲ್ಲ, ಚಿತ್ರಕ್ಕಿಂತ ಹೆಚ್ಚಿನದೇನಾದ್ರೂ ಸಿಗ್ಬೇಕು ಅನ್ನೋ ಅರ್ಥದ ಮಾತು ಅವನ ಪ್ರಬಂಧದಲ್ಲಿದೆ. 1988ರಲ್ಲಿ ಸದರ್ಲೆಂಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

3/9 | 1975: ಚಿತ್ರ ಬೇಡ, ಲೆಕ್ಕಪುಸ್ತಕ ಬೇಕು

ಈಗ ಕಟ್ಟಡಕ್ಕೆ ಬರೋಣ. ಚಾರ್ಲ್ಸ್ ಈಸ್ಟ್‌ಮನ್ ಓದಿದ್ದು ವಾಸ್ತುಶಿಲ್ಪ, ಪಾಠ ಮಾಡ್ತಿದ್ದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. 1975ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದ್ರು. ಕಟ್ಟಡದ ವಿನ್ಯಾಸದಲ್ಲಿ ನಕ್ಷೆಗಳ ಬದಲು ಕಂಪ್ಯೂಟರ್ ಬಳಸಬಹುದು ಅನ್ನೋದೇ ಅದರ ವಿಷಯ. ನಕ್ಷೆ ಬರೆದೇ ಊಟ ಮಾಡೋರ ಪತ್ರಿಕೆಯಲ್ಲಿ ನಕ್ಷೆಯ ಬದಲು ಬೇರೇನೋ ತರೋಣ ಅನ್ನೋಕೆ ಧೈರ್ಯ ಬೇಕು.

ಅವರ ವಾದ ಸರಳ. ಕಟ್ಟಡಕ್ಕೆ ಉದ್ದ, ಅಗಲ, ಎತ್ತರ ಅಂತ ಮೂರು ಅಳತೆ ಇದೆ. ಕಾಗದಕ್ಕೆ ಎರಡೇ. ಹಾಗಾಗಿ ಕನಿಷ್ಠ ಎರಡು ಚಿತ್ರ ಬೇಕು, ಅಂದ್ರೆ ಒಂದು ಅಳತೆಯನ್ನಾದ್ರೂ ಎರಡು ಸಲ ಬರೆದೇ ಬರೀತೀವಿ. ಎರಡು ಸಲ ಬರೆದದ್ದು ಇವತ್ತಲ್ಲ ನಾಳೆ ಬೇರೆ ಬೇರೆ ಆಗುತ್ತೆ. ಕಟ್ಟಡ ಕಟ್ಟಿ ಮುಗಿಸಿ, ಆಮೇಲೆ ಅಲ್ಲಿ ಇಲ್ಲಿ ರಿಪೇರಿ ಮಾಡ್ತಾ ಹೋದ ಹಾಗೆ ನಕ್ಷೆಗೂ ಕಟ್ಟಡಕ್ಕೂ ಸಂಬಂಧವೇ ಇರಲ್ಲ.

ಅದಕ್ಕೆ ಅವರು ಕೊಟ್ಟ ಪರಿಹಾರದ ಹೆಸರು ಬಿಲ್ಡಿಂಗ್ ಡಿಸ್ಕ್ರಿಪ್ಶನ್ ಸಿಸ್ಟಮ್. ಗೋಡೆ, ಕಂಬ, ತೊಲೆ, ಬಾಗಿಲು ಇವನ್ನ ಗೆರೆಗಳಾಗಿ ಅಲ್ಲ, ವಸ್ತುಗಳಾಗಿ ಒಂದೇ ಡೇಟಾಬೇಸಲ್ಲಿ ಇಡೋದು. ಪ್ರತಿ ವಸ್ತುವಿಗೂ ಆಕಾರ, ಜಾಗ, ಯಾವುದರಿಂದ ಮಾಡಿದ್ದು ಅನ್ನೋ ಗುಣಗಳು. ಪ್ಲಾನ್ ಬೇಕಾ? ಡೇಟಾಬೇಸಿಂದ ತೆಗಿ. ಎಷ್ಟು ಕಾಂಕ್ರೀಟ್ ಬೇಕು? ಅದನ್ನೂ ಅಲ್ಲಿಂದಲೇ ತೆಗಿ.

ನಮ್ಮ ಭಾಷೆಯಲ್ಲಿ ಹೇಳ್ತೀನಿ. ವೋಚರ್ ಒಂದೇ ಸಲ ಹಾಕು, ಡೇ ಬುಕ್, ಟ್ರಯಲ್ ಬ್ಯಾಲೆನ್ಸ್, ಬ್ಯಾಲೆನ್ಸ್ ಶೀಟ್ ಎಲ್ಲ ಅದರಿಂದ ತಾನೇ ಬರಲಿ. ಈಸ್ಟ್‌ಮನ್ ಹೇಳಿದ್ದೂ ಇದೇ: ನಕ್ಷೆ ಅನ್ನೋದು ಒಂದು ರಿಪೋರ್ಟ್ ಅಷ್ಟೇ, ಅಸಲಿ ಪುಸ್ತಕ ಬೇರೆ ಇದೆ.

ತೊಂದರೆ ಏನಂದ್ರೆ, ಆ ಕಾಲದ ಕಂಪ್ಯೂಟರ್ ಸಾಮಾನ್ಯ ಆಫೀಸಿನ ಕೈಗೆ ಎಟುಕೋ ವಸ್ತು ಆಗಿರ್ಲಿಲ್ಲ. ಐಡಿಯಾ ಕಾಯ್ಬೇಕಾಯ್ತು.

4/9 | 1982: ಎರಡು ದಾರಿ

ಒಂದೇ ವರ್ಷ, ಎರಡು ಕಂಪನಿ. ಇಲ್ಲಿ ಕಥೆ ಕವಲೊಡೆಯುತ್ತೆ.

ಕ್ಯಾಲಿಫೋರ್ನಿಯಾದಲ್ಲಿ ಆಟೊಡೆಸ್ಕ್ ಶುರುವಾಯ್ತು. ಅದೇ ವರ್ಷ ಆಟೊಕ್ಯಾಡ್ ಬಂತು. ಪರ್ಸನಲ್ ಕಂಪ್ಯೂಟರಲ್ಲಿ ಓಡುತ್ತೆ, ಡ್ರಾಫ್ಟಿಂಗ್ ಟೇಬಲ್ಲಿನ ಕೆಲಸ ಪರದೆಗೆ ಬಂತು. ಜಗತ್ತೇ ಅದರ ಹಿಂದೆ ಹೋಯ್ತು. ಆದ್ರೆ ಮೂಲದಲ್ಲಿ ಅದು ಎಲೆಕ್ಟ್ರಾನಿಕ್ ಕಾಗದ. ಗೋಡೆ ಅಂದ್ರೆ ಎರಡು ಗೆರೆ. ಅದು ಗೋಡೆ ಅನ್ನೋದು ನೋಡೋ ಮನುಷ್ಯನಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಬ್ಲೇಡಲ್ಲಿ ಕೆರೆಯೋ ಕೆಲಸ ತಪ್ಪಿತು. ಆರು ಕಡೆ ತಿದ್ದೋ ಕೆಲಸ ತಪ್ಪಲಿಲ್ಲ.

ಇನ್ನೊಂದು ಕಂಪನಿ ಹುಟ್ಟಿದ್ದು ಕಮ್ಯುನಿಸ್ಟ್ ಹಂಗೇರಿಯ ಬುಡಾಪೆಸ್ಟಲ್ಲಿ. ಹೆಸರು ಗ್ರಾಫಿಸಾಫ್ಟ್, ಸ್ಥಾಪಕ ಗಾಬೋರ್ ಬೋಯಾರ್ ಅನ್ನೋ ಭೌತವಿಜ್ಞಾನಿ. ಪಶ್ಚಿಮದ ಕಂಪ್ಯೂಟರುಗಳನ್ನ ಆ ಕಡೆ ಮಾರೋಕೆ ಆಗ ನಿರ್ಬಂಧ ಇತ್ತು. ಬಂಡವಾಳಕ್ಕೆ ಹೆಂಡತಿಯ ಒಡವೆ ಅಡವಿಟ್ಟರು ಅನ್ನೋ ಕಥೆ ಇವತ್ತಿಗೂ ಹೇಳ್ತಾರೆ. (ಇದನ್ನ ಓದಿದಾಗ ನಮ್ಮೂರಿನ ಎಷ್ಟು ಅಂಗಡಿಗಳ ಕಥೆ ನೆನಪಾಯ್ತು ಗೊತ್ತಾ!) ದೊಡ್ಡ ಕಂಪ್ಯೂಟರ್ ಸಿಗದ ಕಾರಣಕ್ಕೇ ಅವರು ಚಿಕ್ಕ ಯಂತ್ರದಲ್ಲಿ ಮೂರು ಆಯಾಮದ ಮಾದರಿ ಓಡಿಸೋದನ್ನ ಕಲಿತರು. 1984ರಲ್ಲಿ ಆಪಲ್ ಲೀಸಾಗೆ ಬಂದ ಅವರ ಪ್ರೋಗ್ರಾಂ ಮುಂದೆ ಆರ್ಕಿಕ್ಯಾಡ್ ಆಯ್ತು.

ಅದರ ಒಳಗೆ ಜಿಡಿಎಲ್ ಅನ್ನೋ ಪುಟ್ಟ ಭಾಷೆ ಇತ್ತು, ಈಗಲೂ ಇದೆ. ಒಂದು ಕಿಟಕಿಯನ್ನ ಆ ಭಾಷೆಯಲ್ಲಿ ಒಂದು ಸಲ ಬರೆದ್ರೆ ಸಾಕು. ಅಗಲ, ಎತ್ತರ, ಗಾಜಿನ ಭಾಗ ಎಷ್ಟು ಅಂತ ಕೇಳುತ್ತೆ. ಅಂಕಿ ಕೊಟ್ರೆ ಕಿಟಕಿ ತಾನೇ ಮೂಡುತ್ತೆ. ಹೀಗೆ ನಾವು ಕೊಡೋ ಬದಲಾಗುವ ಅಂಕಿಗೇ ಪ್ಯಾರಾಮೀಟರ್ ಅಂತ ಹೆಸರು.

5/9 | 2000: ಲೆನಿನ್‌ಗ್ರಾಡಿಂದ ಬಂದ ದಾರಿ

ಮಧ್ಯೆ ಇನ್ನೊಂದು ಸಾಲು ಕಥೆ ಇದೆ, ಅದು ಕಟ್ಟಡದ್ದಲ್ಲ, ಯಂತ್ರದ ಬಿಡಿಭಾಗದ್ದು. ಲೆನಿನ್‌ಗ್ರಾಡಿನಿಂದ ಅಮೆರಿಕಕ್ಕೆ ವಲಸೆ ಬಂದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ 1985ರಲ್ಲಿ ಪಿಟಿಸಿ ಕಂಪನಿ ಕಟ್ಟಿದ್ರು. ಅವರ ಪ್ರೊ/ಎಂಜಿನಿಯರ್ ಪ್ರೋಗ್ರಾಮಲ್ಲಿ ಅಳತೆ ಅನ್ನೋದು ಚಿತ್ರದ ಪಕ್ಕ ಬರೆಯೋ ಟಿಪ್ಪಣಿ ಆಗಿರ್ಲಿಲ್ಲ. ಅಳತೆಯೇ ಆಕಾರವನ್ನ ನಡೆಸ್ತಿತ್ತು. 10 ಅಂತ ಇದ್ದದ್ದನ್ನ 12 ಅಂತ ಟೈಪ್ ಮಾಡಿದ್ರೆ ಭಾಗವೇ ಬೆಳೀತಿತ್ತು.

ಅಲ್ಲಿ ಪಳಗಿದ ಲಿಯೊನಿಡ್ ರೈಜ್ ಮತ್ತು ಅರ್ವಿನ್ ಯುಂಗ್ರೈಸ್ 1997ರಲ್ಲಿ ಹೊರಬಂದು ಮ್ಯಾಸಚೂಸೆಟ್ಸಲ್ಲಿ ತಮ್ಮದೇ ಕಂಪನಿ ಮಾಡಿದ್ರು. ಯಂತ್ರಕ್ಕೆ ಮಾಡಿದ್ದನ್ನ ಕಟ್ಟಡಕ್ಕೆ ಯಾಕೆ ಮಾಡಬಾರದು ಅನ್ನೋದೇ ಪ್ರಶ್ನೆ. 2000ದ ಏಪ್ರಿಲಲ್ಲಿ ಅವರ ರೆವಿಟ್‌ನ ಮೊದಲ ಆವೃತ್ತಿ ಬಂತು. "ತಕ್ಷಣ ತಿದ್ದು" ಅನ್ನೋ ಅರ್ಥದ ಇಂಗ್ಲಿಷ್ ಮಾತಿಂದ ಆ ಹೆಸರು ಬಂತು ಅಂತಾರೆ.

ಅದರಲ್ಲಿ ಗೋಡೆಗೆ ತಾನು ಗೋಡೆ ಅಂತ ಗೊತ್ತು. ಮೇಲಿನ ಮಹಡಿಯ ಮಟ್ಟಕ್ಕೆ ಅದನ್ನ ಕಟ್ಟಿಹಾಕಿದ್ರೆ, ಮಹಡಿ ಎತ್ತರಿಸಿದಾಗ ಗೋಡೆಯೂ ಎದ್ದು ನಿಲ್ಲುತ್ತೆ. ಬಾಗಿಲಿಗೆ ತಾನು ಯಾವ ಗೋಡೆಯಲ್ಲಿ ಕೂತಿದ್ದೀನಿ ಅಂತ ಗೊತ್ತು. ಗೋಡೆ ಸರಿಸಿದ್ರೆ ಬಾಗಿಲೂ ಜೊತೆಗೆ ಹೋಗುತ್ತೆ. ಬಾಗಿಲಿನ ಪಟ್ಟಿಯೂ ಅದೇ ಮಾದರಿಯ ಇನ್ನೊಂದು ನೋಟ. ಪಟ್ಟಿಯಲ್ಲಿ 90 ಅಳಿಸಿ 120 ಬರೆದ್ರೆ, ಪ್ಲಾನಲ್ಲಿ ಬಾಗಿಲು ಅಗಲ ಆಗುತ್ತೆ.

ನಮ್ಮ ಮೊದಲ ಪೋಸ್ಟಿನ ಆರು ಎಂಟ್ರಿ ಇಲ್ಲಿ ಒಂದಾಯ್ತು. 2002ರಲ್ಲಿ ಆಟೊಡೆಸ್ಕ್ ಈ ಕಂಪನಿಯನ್ನ 13.3 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಂಡಿತು. ಗೆರೆ ಮಾರಿ ದೊಡ್ಡವರಾದವರೇ ಗೆರೆಯ ಮುಂದಿನದನ್ನೂ ಕೊಂಡ್ರು.

6/9 | ಮಾಸ್ಟರ್ ತಿದ್ದೋ ಮುಂಚೆ ಉಸಿರು ಬಿಗಿಹಿಡಿ

ಈಗ ಸ್ವಲ್ಪ ಒಳಗೆ ಹೋಗೋಣ. ಇಲ್ಲೇ ಮಜಾ ಇರೋದು.

ರೆವಿಟಲ್ಲಿ ಒಂದು ಬಾಗಿಲಿನ ಗುಣಗಳು ಎರಡು ಮಟ್ಟದಲ್ಲಿ ಇರ್ತವೆ. ಒಂದು ಟೈಪ್, ಇನ್ನೊಂದು ಇನ್‌ಸ್ಟೆನ್ಸ್. ಸಾಮಾನ್ಯವಾಗಿ ಅಗಲ, ಎತ್ತರ, ಬೆಂಕಿ ಎಷ್ಟು ಹೊತ್ತು ತಡೆಯುತ್ತೆ ಅನ್ನೋ ಫೈರ್ ರೇಟಿಂಗ್ ಟೈಪಿಗೆ ಸೇರಿದ್ದು. ಯಾವ ಮಹಡಿಯಲ್ಲಿದೆ, ಅದರ ನಂಬರ್ ಏನು ಅನ್ನೋದು ಆ ಒಂದು ಬಾಗಿಲಿಗೆ ಮಾತ್ರ ಸೇರಿದ್ದು.

ಟ್ಯಾಲಿಗೆ ಬನ್ನಿ. ಸ್ಟಾಕ್ ಐಟಂ ಮಾಸ್ಟರಲ್ಲಿ ಯೂನಿಟ್, ಎಚ್‌ಎಸ್‌ಎನ್ ಕೋಡ್ ಇರುತ್ತೆ. ವೋಚರಲ್ಲಿ ಇವತ್ತಿನ ಕ್ವಾಂಟಿಟಿ ಇರುತ್ತೆ. ಒಂದು ಬಿಲ್ ಸರಿ ಮಾಡೋಕೆ ಹೋಗಿ ಮಾಸ್ಟರ್ ಆಲ್ಟರ್ ಮಾಡಿದೋರು ನಮ್ಮ ಕ್ಲಾಸಲ್ಲೇ ಎಷ್ಟು ಜನ ಇದ್ದೀವಿ! ಅಲ್ಲೂ ಅದೇ ಕಥೆ. ಒಂದು ಬಾಗಿಲು ದೊಡ್ಡದು ಮಾಡೋಕೆ ಹೋಗಿ ಟೈಪ್ ತಿದ್ದಿದ್ರೆ, ಅದೇ ಟೈಪಿನ ಇನ್ನೂರು ಬಾಗಿಲು ಸದ್ದಿಲ್ಲದೆ ದೊಡ್ಡದಾಗುತ್ತೆ. ಸರಿಯಾದ ದಾರಿ ಅಂದ್ರೆ ಟೈಪನ್ನ ಡೂಪ್ಲಿಕೇಟ್ ಮಾಡಿ, ಹೊಸ ಹೆಸರಿಟ್ಟು, ಆ ಒಂದಕ್ಕೆ ಮಾತ್ರ ಹಚ್ಚೋದು.

ಇನ್ನೊಂದು ಸೂಕ್ಷ್ಮ. ಬೇರೆ ಬೇರೆ ಫೈಲುಗಳಲ್ಲಿ ಒಂದೇ ಗುಣವನ್ನ ಬಳಸೋಕೆ ಶೇರ್ಡ್ ಪ್ಯಾರಾಮೀಟರ್ ಅಂತ ಇದೆ. ಅದರ ವಿವರ ಒಂದು ಸಾದಾ ಟೆಕ್ಸ್ಟ್ ಫೈಲಲ್ಲಿ ಇರುತ್ತೆ, ಪ್ರತಿಯೊಂದಕ್ಕೂ ಒಂದು ಉದ್ದದ ಗುರುತಿನ ಸಂಖ್ಯೆ. ಪ್ರೋಗ್ರಾಂ ನೋಡೋದು ಹೆಸರನ್ನಲ್ಲ, ಆ ಸಂಖ್ಯೆಯನ್ನ. ಇಬ್ಬರು "ತಯಾರಕರು" ಅಂತ ಒಂದೇ ಹೆಸರಲ್ಲಿ ಬೇರೆ ಬೇರೆಯಾಗಿ ಕ್ರಿಯೇಟ್ ಮಾಡಿದ್ರೆ, ನಮಗೆ ಒಂದೇ ಥರ ಕಾಣುತ್ತೆ, ಅದಕ್ಕೆ ಎರಡು. ಪಟ್ಟಿ ತೆಗೆದಾಗ ಅರ್ಧ ಕಾಲಂ ಖಾಲಿ.

ಪ್ಯಾನ್ ಕಾರ್ಡ್ ನೆನಪಿಸ್ಕೊಳ್ಳಿ. ಮಂಜುನಾಥ ಅನ್ನೋರು ಊರಿಗೆ ಹತ್ತು ಜನ. ಇಲಾಖೆಗೆ ಹೆಸರು ಮುಖ್ಯ ಅಲ್ಲ, ಪ್ಯಾನ್ ಮುಖ್ಯ.

7/9 | ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಓದೋಕೆ ಬರಲ್ಲ

ಸರಿ, ಒಂದು ಕಂಪನಿಯ ಸಾಫ್ಟ್‌ವೇರಲ್ಲಿ ಎಲ್ಲ ಚೆನ್ನಾಗಿದೆ. ಆದ್ರೆ ಒಂದು ಕಟ್ಟಡಕ್ಕೆ ವಾಸ್ತುಶಿಲ್ಪಿ ಬೇರೆ, ಸ್ಟ್ರಕ್ಚರಲ್ ಎಂಜಿನಿಯರ್ ಬೇರೆ, ಕರೆಂಟಿನವರು ಬೇರೆ, ನೀರಿನವರು ಬೇರೆ. ಒಬ್ಬೊಬ್ಬರದ್ದು ಒಂದೊಂದು ಸಾಫ್ಟ್‌ವೇರ್. ಒಬ್ಬರ ಫೈಲ್ ಇನ್ನೊಬ್ಬರಲ್ಲಿ ತೆರೆಯಲ್ಲ, ತೆರೆದ್ರೂ ಗುಣಗಳೆಲ್ಲ ಉದುರಿಹೋಗಿ ಬರೀ ಆಕಾರ ಉಳಿಯುತ್ತೆ. ಮತ್ತೆ ಕೂತು ಕೈಯಲ್ಲಿ ಟೈಪ್ ಮಾಡೋದೇ.

ಇದರ ಖರ್ಚು ಎಷ್ಟು? ಅಮೆರಿಕದ ಎನ್‌ಐಎಸ್‌ಟಿ ಅನ್ನೋ ಸರ್ಕಾರಿ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಒಂದು ದೇಶದ ದೊಡ್ಡ ಕಟ್ಟಡಗಳ ಉದ್ಯಮದಲ್ಲೇ ವರ್ಷಕ್ಕೆ 1,580 ಕೋಟಿ ಡಾಲರ್. ಇದರಲ್ಲಿ ದೊಡ್ಡ ಪಾಲು ಬಿದ್ದದ್ದು ಕಟ್ಟಿದವರ ತಲೆ ಮೇಲಲ್ಲ, ಕಟ್ಟಡದ ಮಾಲೀಕರು ಮತ್ತು ಅದನ್ನ ನಡೆಸೋರ ಮೇಲೆ. ಕಟ್ಟಿದವರು ಬಿಲ್ ತಗೊಂಡು ಹೋಗ್ತಾರೆ. ಪೈಪ್ ಎಲ್ಲಿದೆ, ಪಂಪ್ ಯಾವ ಮಾಡೆಲ್ ಅಂತ ಹುಡುಕೋ ಕರ್ಮ ಉಳಿದವರದ್ದು.

ಇದಕ್ಕೆ ಮದ್ದು ಹುಡುಕೋಕೆ 1990ರ ದಶಕದ ಮಧ್ಯದಲ್ಲಿ ಹಲವು ಕಂಪನಿಗಳು ಸೇರಿ ಒಂದು ಒಕ್ಕೂಟ ಕಟ್ಟಿದ್ವು. ಇವತ್ತು ಅದರ ಹೆಸರು ಬಿಲ್ಡಿಂಗ್‌ಸ್ಮಾರ್ಟ್. ಅವರು ಮಾಡಿದ ಸಾಮಾನ್ಯ ಭಾಷೆ ಐಎಫ್‌ಸಿ. 2013ರಲ್ಲಿ ಅದು ಐಎಸ್‌ಒ 16739 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಆಯ್ತು. ಅದರಲ್ಲಿ ಗೋಡೆಗೆ ಒಂದು ನಿಗದಿತ ಗುಣಪಟ್ಟಿ ಇದೆ: ಇದು ಹೊರಗೋಡೆಯಾ? ಭಾರ ಹೊರುತ್ತಾ? ಶಾಖ ಎಷ್ಟು ಬಿಡುತ್ತೆ? ಬೆಂಕಿ ಎಷ್ಟು ತಡೆಯುತ್ತೆ? ಯಾವ ಸಾಫ್ಟ್‌ವೇರ್ ಬಳಸಿದ್ರೂ ಈ ಕಾಲಂಗಳ ಹೆಸರು ಒಂದೇ.

ಒಂಥರಾ ಅಕೌಂಟಿಂಗ್ ಸ್ಟ್ಯಾಂಡರ್ಡ್ ಇದ್ದ ಹಾಗೆ. ನಿಮ್ಮ ಪುಸ್ತಕ ಯಾವುದರಲ್ಲಾದ್ರೂ ಬರೀರಿ, ತೋರಿಸೋದು ಮಾತ್ರ ಎಲ್ಲರಿಗೂ ಅರ್ಥ ಆಗೋ ರೂಪದಲ್ಲಿರಲಿ.

8/9 | ಜೂನ್ 14, 2017

ಇಲ್ಲಿ ತನಕ ಖುಷಿಯಿಂದ ಬರೆದೆ. ಈ ಪೋಸ್ಟ್ ಹಾಗಿಲ್ಲ.

ಲಂಡನ್ನಿನ ಗ್ರೆನ್‌ಫೆಲ್ ಟವರ್, 24 ಅಂತಸ್ತು. ಮಧ್ಯರಾತ್ರಿ ಕಳೆದ ಮೇಲೆ ನಾಲ್ಕನೇ ಮಹಡಿಯ ಒಂದು ಮನೆಯಲ್ಲಿ ಫ್ರಿಜ್ಜಿನಿಂದ ಬೆಂಕಿ ಶುರುವಾಯ್ತು. ಒಂದು ಅಡುಗೆಮನೆಯಲ್ಲಿ ಮುಗೀಬೇಕಿದ್ದ ಬೆಂಕಿ ಹೊರಗೋಡೆ ಹತ್ತಿ ಇಡೀ ಕಟ್ಟಡ ಸುತ್ತಿತು. 72 ಜನ ಸತ್ತರು.

ಯಾಕೆ ಹತ್ತಿತು? ಹಿಂದಿನ ವರ್ಷವಷ್ಟೇ ಮುಗಿದಿದ್ದ ನವೀಕರಣದಲ್ಲಿ ಹೊರಗೋಡೆಗೆ ಹೊಸ ಹೊದಿಕೆ ಹಾಕಿದ್ರು. ಎರಡು ತೆಳು ಅಲ್ಯುಮಿನಿಯಂ ಹಾಳೆ, ನಡುವೆ ಪಾಲಿಎಥಿಲೀನ್, ಅಂದ್ರೆ ಪ್ಲಾಸ್ಟಿಕ್. ಮೊದಲು ಯೋಚಿಸಿದ್ದು ಜಿಂಕ್ ಹೊದಿಕೆ. ಖರ್ಚು ಕಡಿಮೆ ಆಗುತ್ತೆ ಅಂತ ಇದಕ್ಕೆ ಬದಲಾಯ್ತು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಿದ್ರೆ ಒಂದು ಗುಣದ ಬೆಲೆ ಬದಲಾಯ್ತು, ಅಷ್ಟೇ. ಹೊರಗೋಡೆ, ವಸ್ತು, ಒಂದು ಕಾಲಂ.

ಆಮೇಲೆ ಸರ್ಕಾರ ಕಟ್ಟಡ ನಿಯಮಗಳನ್ನ ಪರಿಶೀಲಿಸೋಕೆ ಡೇಮ್ ಜೂಡಿತ್ ಹ್ಯಾಕಿಟ್ ಅವರನ್ನ ನೇಮಿಸಿತು. 2018ರ ವರದಿಯಲ್ಲಿ ಅವರು ಹೇಳಿದ ಒಂದು ಮುಖ್ಯ ವಿಷಯ, ಕಟ್ಟಡದಲ್ಲಿ ನಿಜವಾಗಿ ಏನು ಹಾಕಿದ್ದಾರೆ, ಯಾರು ಯಾವಾಗ ಬದಲಾಯಿಸಿದ್ರು ಅನ್ನೋ ಡಿಜಿಟಲ್ ದಾಖಲೆ ಕಟ್ಟಡದ ಜೀವನಪೂರ್ತಿ ಇರ್ಬೇಕು ಅಂತ. ಅದಕ್ಕೆ "ಚಿನ್ನದ ಎಳೆ" ಅಂತ ಹೆಸರು ಕೊಟ್ರು. 2022ರಲ್ಲಿ ಬಂದ ಬ್ರಿಟನ್ನಿನ ಕಟ್ಟಡ ಸುರಕ್ಷತಾ ಕಾಯ್ದೆಯ ಹಿಂದೆ ಈ ವಿಚಾರ ಇದೆ. ಈಸ್ಟ್‌ಮನ್ 1975ರಲ್ಲಿ ಹೇಳಿದ್ದು, ನಕ್ಷೆಗೂ ಕಟ್ಟಡಕ್ಕೂ ಸಂಬಂಧ ತಪ್ಪಿಹೋಗುತ್ತೆ ಅಂತ, ನೆನಪಾಯ್ತಾ?

9/9 | ತಾಳೆ ಆಯ್ತು, ಸರಿ ಆಯ್ತಾ?

ಒಳ್ಳೇ ಸಾಫ್ಟ್‌ವೇರ್ ಇದ್ದಿದ್ರೆ ಆ 72 ಜನ ಉಳೀತಿದ್ರು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋದು ಸುಲಭ, ಆದ್ರೆ ನಿಜ ಅಲ್ಲ.

2024ರ ಸೆಪ್ಟೆಂಬರಲ್ಲಿ ಬಂದ ವಿಚಾರಣಾ ಆಯೋಗದ ಅಂತಿಮ ವರದಿ ಓದಿದ್ರೆ ಗೊತ್ತಾಗುತ್ತೆ. ಹೊದಿಕೆ ಮತ್ತು ಶಾಖ ತಡೆಯೋ ವಸ್ತುಗಳನ್ನ ಮಾಡಿ ಮಾರಿದವರು ಪರೀಕ್ಷೆಯ ವಿಷಯದಲ್ಲಿ ವ್ಯವಸ್ಥಿತವಾಗಿ ಅಪ್ರಾಮಾಣಿಕರಾಗಿದ್ರು ಅಂತ ಅದು ಹೇಳಿದೆ. ಕಟ್ಟಿದವರು, ವಿನ್ಯಾಸ ಮಾಡಿದವರು, ತಪಾಸಣೆ ಮಾಡಬೇಕಿದ್ದವರು, ಎಲ್ಲರೂ ಸುರಕ್ಷತೆ ಇನ್ನೊಬ್ಬರ ಕೆಲಸ ಅಂದ್ಕೊಂಡಿದ್ರು. ಅಂದ್ರೆ ಫೈರ್ ರೇಟಿಂಗ್ ಅನ್ನೋ ಕಾಲಂ ಖಾಲಿ ಇರ್ತಿರ್ಲಿಲ್ಲ. ತುಂಬಿರ್ತಿತ್ತು. ನಂಬಬಾರದ ಮಾಹಿತಿಯಿಂದ ತುಂಬಿರ್ತಿತ್ತು, ಎಲ್ಲ ನಕ್ಷೆಯಲ್ಲೂ ಒಂದೇ ಥರ, ಅಚ್ಚುಕಟ್ಟಾಗಿ.

ಮೊದಲನೇ ವರ್ಷ ನಮಗೆ ಹೇಳ್ಕೊಟ್ಟದ್ದು ನೆನಪಿದ್ಯಾ? ಟ್ರಯಲ್ ಬ್ಯಾಲೆನ್ಸ್ ತಾಳೆ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ. ಗಾಡಿ ರಿಪೇರಿ ಖರ್ಚನ್ನ ಗಾಡಿಯ ಖಾತೆಗೇ ಹಾಕಿದ್ರೂ ಎರಡೂ ಕಡೆ ಸಮ ಬರುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಎರಡು ಮಾರ್ಕಿಗೆ. ಅದರ ಅರ್ಥ ನನಗೆ ಆದದ್ದು ಈ ಕಟ್ಟಡದ ಬಗ್ಗೆ ಓದುವಾಗ.

ಸದರ್ಲೆಂಡಿಂದ ಇವತ್ತಿನ ತನಕ ಅರವತ್ತು ವರ್ಷದಲ್ಲಿ ಆರು ಎಂಟ್ರಿ ಒಂದಾಯ್ತು. ಅದು ದೊಡ್ಡ ಗೆಲುವು, ಸಣ್ಣದು ಅನ್ನಲ್ಲ. ಈಗ ಎಲ್ಲ ಕಡೆ ಒಂದೇ ಉತ್ತರ ಬರುತ್ತೆ. ಆದ್ರೆ ಆ ಒಂದು ಎಂಟ್ರಿ ಹಾಕೋ ಕೈ ನಿಯತ್ತಾಗಿರ್ಬೇಕು, ಅದನ್ನ ವೋಚರ್ ಹಿಡಿದು ಪರೀಕ್ಷಿಸೋ ಇನ್ನೊಂದು ಕಣ್ಣು ಬೇಕು. ಮೊದಲು ಆರು ಕಡೆ ಬರೀತಿದ್ದಾಗ ಒಂದು ತಪ್ಪಾದ್ರೆ ಇನ್ನೊಂದು ಸಿಕ್ಕಿಹಾಕಿಸ್ತಿತ್ತು. ಈಗ ತಪ್ಪೂ ಆರು ಕಡೆ ಒಂದೇ ಥರ ಹೋಗುತ್ತೆ. ಅದಕ್ಕೇ ಹೇಳಿದ್ದು, ಇದು ನಮ್ಮ ಸಬ್ಜೆಕ್ಟು ಅಂತ. ಆಡಿಟ್ ಅಂದ್ರೆ ಇದೇ ತಾನೇ?

ಒಂದು ಚಿಕ್ಕ ಕೆಲಸ ಕೊಡ್ತೀನಿ. ನಾಳೆ ನಿಮ್ಮ ಕಾಲೇಜಲ್ಲೋ ಹಾಸ್ಟೆಲಲ್ಲೋ "ಎಕ್ಸಿಟ್" ಅಂತ ಬರೆದಿರೋ ಬಾಗಿಲ ಹತ್ರ ಹೋಗಿ. ಅದು ಹೊರಗಡೆಗೆ ತೆರೆಯುತ್ತಾ? ಬೀಗ ಹಾಕಿದ್ಯಾ? ಮುಂದೆ ಬೆಂಚು ಅಡ್ಡ ಇಟ್ಟಿದ್ದಾರಾ? ನಕ್ಷೆಯಲ್ಲಿ ಅದು ಖಂಡಿತ ತೆರೆದೇ ಇರುತ್ತೆ. ನಿಜದಲ್ಲಿ ಹೇಗಿದೆ ಅಂತ ನೋಡಿ ಕಮೆಂಟಲ್ಲಿ ಬರೀರಿ. ಬೀಗ ಇದ್ರೆ ಕಮೆಂಟಿಗೂ ಮುಂಚೆ ಆಫೀಸಿಗೆ ಹೋಗಿ ಹೇಳಿ.

#ಕನ್ನಡದಲ್ಲಿ_ಇತಿಹಾಸ #ಲೆಕ್ಕದ_ಕಥೆ #ಬಿಕಾಂ_ಹುಡುಗರು #ಓದಿ_ಹಂಚಿ